ಮದರ್‌ಬೋರ್ಡಿನ ಆಡಿಯೋ ಚಿಪ್ ಹೇಗಿದೆ? ಮನೆಯಲ್ಲೇ ಅಳೆದು ಹೋಲಿಸುವ ಬಗೆ

ಹೊಸ ಕಂಪ್ಯೂಟರ್ ಜೋಡಿಸಲು ಹೊರಟ ಓದುಗರು ಕೇಳುವ ಒಂದು ಪ್ರಶ್ನೆ ವರ್ಷಗಳಿಂದ ಹಾಗೆಯೇ ಉಳಿದಿದೆ, ಅದರೊಳಗಿನ ಸಂಖ್ಯೆ ಮಾತ್ರ ಬದಲಾಗುತ್ತಿದೆ. ಹಿಂದೆ "887 ಸಾಕೇ, 1150 ಬೇಕೇ?" ಎನ್ನುತ್ತಿದ್ದರು. ಈಗ "897 ಸಾಕೇ, 1220ಕ್ಕಾಗಿ ಹೆಚ್ಚು ಹಣ ಕೊಡಬೇಕೇ, 4080 ಇನ್ನೂ ಮೇಲೇ?" ಎನ್ನುತ್ತಾರೆ. ಇವೆಲ್ಲ ಮದರ್‌ಬೋರ್ಡಿನ ಮೇಲೆ ಬೆಸೆದಿರುವ ಆಡಿಯೋ ಚಿಪ್‌ಗಳ ಸಂಖ್ಯೆಗಳು. ಒಂದೊಂದು ಪ್ರಶ್ನೆಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಹೋಲಿಸುವ ವಿಧಾನವನ್ನೇ ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಚಿಪ್‌ನ ಸಂಖ್ಯೆ ನಿಮಗೆ ಹೇಳುವುದು ಗರಿಷ್ಠ ಮಿತಿಯನ್ನು ಮಾತ್ರ. ಆ ಚಿಪ್‌ನಿಂದ ಹೊರಟ ಧ್ವನಿ ಬೋರ್ಡಿನ ತಾಮ್ರದ ಗೆರೆಗಳು, ಕೆಪಾಸಿಟರ್‌ಗಳು, ಆಂಪ್ಲಿಫೈಯರ್, ಜಾಕ್, ಕೇಬಲ್, ಮನೆಯ ಅರ್ಥಿಂಗ್ ಇಷ್ಟನ್ನೂ ದಾಟಿ ಕಿವಿಗೆ ಬರುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು ಜಾಕ್‌ನಿಂದ ಹೊರಬರುವುದನ್ನು. ಅದನ್ನು ಅಳೆಯುವುದಕ್ಕೆ ದುಬಾರಿ ಉಪಕರಣವೇನೂ ಬೇಡ.

ಬೇಕಾಗುವ ಸಾಮಾನು ಇಷ್ಟು: ಎರಡೂ ತುದಿಯಲ್ಲಿ 3.5 ಮಿಲಿಮೀಟರ್ ಪಿನ್ ಇರುವ ಒಂದು ಸ್ಟೀರಿಯೋ ಕೇಬಲ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, 33 ಓಮ್‌ನ ಕಾಲು ವ್ಯಾಟ್ ರೆಸಿಸ್ಟರ್, ವೈರ್ ಬೆಸೆಯಬಹುದಾದ ಒಂದು 3.5 ಮಿಲಿಮೀಟರ್ ಪಿನ್, ಮತ್ತು ಕಿವಿಯೊಳಗೆ ಕೂರುವ ಒಂದು ಇಯರ್‌ಫೋನ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಬೇರೆ ಊರುಗಳಲ್ಲಿ ಟಿವಿ, ರೇಡಿಯೋ ರಿಪೇರಿ ಮಾಡುವ ಅಂಗಡಿಯಲ್ಲಿ ವಿಚಾರಿಸಿ. ತಂತ್ರಾಂಶಗಳು ಎರಡು, ಧ್ವನಿಯನ್ನು ತಯಾರಿಸಲು ಮತ್ತು ಮುದ್ರಿಸಲು ಆಡಾಸಿಟಿ, ಅದರ ಗುಣಮಟ್ಟ ಅಳೆಯಲು ರೈಟ್‌ಮಾರ್ಕ್ ಆಡಿಯೋ ಅನಲೈಜರ್. ಎರಡೂ ಉಚಿತವಾಗಿ ದೊರೆಯುತ್ತವೆ.

ಹಂತ 1: ನಿಮ್ಮ ಧ್ವನಿ ಈ ಚಿಪ್ ಮೂಲಕ ಹೋಗುತ್ತಿದೆಯೇ?

ಇದನ್ನು ನೋಡದೆ ಹಣ ಕಳೆದುಕೊಂಡವರೇ ಹೆಚ್ಚು. ಮಾನಿಟರ್ ಅಥವಾ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಅದರ ಸ್ಪೀಕರಿನಲ್ಲೇ ಕೇಳುತ್ತಿದ್ದರೆ ಧ್ವನಿ ಗ್ರಾಫಿಕ್ಸ್ ಭಾಗದಿಂದ ಅಂಕಿಗಳ ರೂಪದಲ್ಲೇ ಹೋಗುತ್ತದೆ, ಅದನ್ನು ವಿದ್ಯುತ್ ಅಲೆಯಾಗಿ ಪರಿವರ್ತಿಸುವುದು ಟಿವಿ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಆ ಕೆಲಸ ಹೆಡ್‌ಫೋನಿನೊಳಗೇ ನಡೆಯುತ್ತದೆ. ಯುಎಸ್‌ಬಿ ಹೆಡ್‌ಸೆಟ್, ಯುಎಸ್‌ಬಿ ಮೈಕ್ ಮತ್ತು ಯುಎಸ್‌ಬಿ ಸ್ಪೀಕರ್‌ಗಳದ್ದೂ ಅದೇ ಕಥೆ. ಇವುಗಳಲ್ಲಿ ಯಾವುದನ್ನು ಬಳಸುತ್ತಿದ್ದರೂ ಮದರ್‌ಬೋರ್ಡಿನ ಆಡಿಯೋ ಚಿಪ್ ಯಾವುದಾದರೂ ಒಂದೇ. ದುಂಡನೆಯ ಹಸಿರು, ಗುಲಾಬಿ ಅಥವಾ ನೀಲಿ ಜಾಕ್‌ಗಳಿಗೆ ಪಿನ್ ಚುಚ್ಚುವವರು ಮಾತ್ರ ಮುಂದಿನ ಹಂತಗಳನ್ನು ಓದಿ.

ಆನ್‌ಲೈನಿನಲ್ಲಿ ಸಂಗೀತ ಪಾಠ ಹೇಳುವವರು ಇನ್ನೊಂದನ್ನು ಗಮನಿಸಬೇಕು. ತಂಬೂರಿಯ ಶ್ರುತಿ ಆಗಾಗ ಮಾಯವಾಗುತ್ತದೆ, ಹೊಸ ಮದರ್‌ಬೋರ್ಡ್ ಬೇಕೇ ಎಂದು ಕೇಳುವವರಿದ್ದಾರೆ. ಬೇಡ. ವಿಡಿಯೋ ಕರೆಯ ತಂತ್ರಾಂಶಗಳು ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಸದ್ದೆಂದು ಭಾವಿಸಿ ಅಳಿಸಿಹಾಕುತ್ತವೆ. ಜೂಮ್‌ನಲ್ಲಿ ಇದಕ್ಕಾಗಿಯೇ 'ಒರಿಜಿನಲ್ ಸೌಂಡ್' ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಶ್ರುತಿ ಮರಳಿ ಬರುತ್ತದೆ.

ಹಂತ 2: ಚಿಪ್ ಯಾವುದೆಂದು ಪತ್ತೆ ಮಾಡಿ

ಈ ಚಿಪ್‌ಗೆ ಕೋಡೆಕ್ ಎನ್ನುತ್ತಾರೆ. ಕಂಪ್ಯೂಟರಿನ ಅಂಕಿಗಳನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ ಅಲೆಯಾಗಿಸುವುದು ಅದರ ಒಂದು ಕೆಲಸ, ಆ ಭಾಗದ ಹೆಸರು ಡಿಎಸಿ. ಮೈಕಿನಿಂದ ಬಂದ ಅಲೆಯನ್ನು ಅಂಕಿಗಳಾಗಿಸುವುದು ಇನ್ನೊಂದು ಕೆಲಸ, ಆ ಭಾಗ ಎಡಿಸಿ. ಎರಡೂ ಒಂದೇ ಚಿಪ್‌ನೊಳಗಿದ್ದರೂ ಅವುಗಳ ಗುಣಮಟ್ಟ ಒಂದೇ ಆಗಿರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಕಡೆ ಬೇಕಾಗುತ್ತದೆ.

ಇಂತಹ ಚಿಪ್‌ಗಳಿಗಾಗಿ ಇಂಟೆಲ್ 1997ರಲ್ಲಿ ಎಸಿ 97 ಎಂಬ ಮಾನದಂಡವನ್ನು ತಂದಿತು. 2004ರಲ್ಲಿ ಅದರ ಜಾಗಕ್ಕೆ ಎಚ್‌ಡಿ ಆಡಿಯೋ ಬಂತು. ಇಂದಿನ ಬಹುಪಾಲು ಬೋರ್ಡ್‌ಗಳಲ್ಲಿರುವುದು ತೈವಾನಿನ ರಿಯಲ್‌ಟೆಕ್ ಕಂಪನಿಯ ಚಿಪ್, ಮೇಲೆ ಪುಟ್ಟ ಏಡಿಯ ಚಿತ್ರವಿರುತ್ತದೆ. ದುಬಾರಿ ಬೋರ್ಡ್‌ಗಳಲ್ಲಿ ಅದರ ಮೇಲೊಂದು ಲೋಹದ ಮುಚ್ಚಳ ಕೂರಿಸಿ 'ಸುಪ್ರೀಮ್‌ಎಫ್‌ಎಕ್ಸ್', 'ಆಡಿಯೋ ಬೂಸ್ಟ್' ಎಂದೆಲ್ಲ ಬರೆದಿರುತ್ತಾರೆ. ಅದು ಮದರ್‌ಬೋರ್ಡ್ ಕಂಪನಿ ಇಟ್ಟ ಹೆಸರು. ಮುಚ್ಚಳದ ಕೆಳಗೆ ಸಾಮಾನ್ಯವಾಗಿ ಅದೇ ಏಡಿ ಇರುತ್ತದೆ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೌಂಡ್ ವಿಭಾಗದಲ್ಲಿ ರಿಯಲ್‌ಟೆಕ್ ಎಂಬ ಸಾಲಿನ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ಬರುವ ಉದ್ದನೆಯ ಸಾಲಿನಲ್ಲಿ 10ಇಸಿ ಎಂದಿದ್ದರೆ ಅದು ರಿಯಲ್‌ಟೆಕ್‌ನ ಗುರುತು. ಅದರ ಮುಂದಿನ ನಾಲ್ಕು ಅಂಕಿಗಳು ಸಾಮಾನ್ಯವಾಗಿ ಚಿಪ್‌ನ ಸಂಖ್ಯೆ: 0887, 0897, 1220 ಹೀಗೆ. ಎಲ್ಲವೂ ಇಷ್ಟು ಸರಳವಲ್ಲ. ಎಎಲ್‌ಸಿ 1150 (ಎಎಲ್‌ಸಿ ಎಂಬುದು ರಿಯಲ್‌ಟೆಕ್ ಈ ಚಿಪ್‌ಗಳ ಸಂಖ್ಯೆಯ ಮುಂದೆ ಹಾಕುವ ಅಕ್ಷರಗಳು) ಇಲ್ಲಿ 0900 ಎಂದು ಕಾಣಿಸಿಕೊಳ್ಳುತ್ತದೆ. ಎಎಲ್‌ಸಿ 4080 ಮತ್ತು 4082 ಬೋರ್ಡಿನ ಒಳಗೇ ಯುಎಸ್‌ಬಿ ಮೂಲಕ ಜೋಡಣೆಯಾಗಿರುವುದರಿಂದ ಅವುಗಳ ಸಾಲೇ ಬೇರೆ ರೀತಿ ಇರುತ್ತದೆ, ಹೆಸರಿನಲ್ಲೂ ಯುಎಸ್‌ಬಿ ಆಡಿಯೋ ಎಂದಿರುತ್ತದೆ. ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆದು ಎಫ್6 ಒತ್ತಿ ಬೋರ್ಡಿನ ಸೌಂಡ್ ಕಾರ್ಡನ್ನು ಆರಿಸಿದರೆ ಮೇಲಿನ ಎಡಮೂಲೆಯಲ್ಲಿ ಚಿಪ್‌ನ ಹೆಸರೇ ಬರೆದಿರುತ್ತದೆ.

ಎಚ್ಚರಿಕೆ: ಒಂದೇ ಹೆಸರಿನ ಬೋರ್ಡಿನ ಬೇರೆ ಬೇರೆ ಪರಿಷ್ಕರಣೆಗಳಲ್ಲಿ ಕೋಡೆಕ್ ಬದಲಾಗಿರುವುದುಂಟು. ಗೆಳೆಯರ ಬೋರ್ಡಿನಲ್ಲಿ 892 ಇತ್ತೆಂದು ನಿಮಗೂ ಅದೇ ಬರುತ್ತದೆಂದು ನಂಬಬೇಡಿ. ಪೆಟ್ಟಿಗೆಯ ಮೇಲೆ ಬರಿದೇ 'ರಿಯಲ್‌ಟೆಕ್ 7.1 ಚಾನೆಲ್' ಎಂದಷ್ಟೇ ಇದ್ದರೆ ಸಂಖ್ಯೆಯನ್ನು ಅಂಗಡಿಯಲ್ಲೇ ಕೇಳಿ, ಬಿಲ್ಲಿನಲ್ಲಿ ಬೋರ್ಡಿನ ಪೂರ್ತಿ ಹೆಸರು ಮತ್ತು ಪರಿಷ್ಕರಣೆ ಬರೆಸಿಕೊಳ್ಳಿ.

ಹಂತ 3: ಅಂಕಿಗಳನ್ನು ಓದಲು ಕಲಿಯಿರಿ

ಹೋಲಿಕೆಗೆ ಎಲ್ಲರೂ ಹಿಡಿಯುವ ಅಳತೆ ಎಸ್‌ಎನ್‌ಆರ್, ಅಂದರೆ ಸಂಕೇತಕ್ಕೂ ಗದ್ದಲಕ್ಕೂ ಇರುವ ಅಂತರ. ಅತಿ ಜೋರಾದ ಧ್ವನಿಗಿಂತ ಚಿಪ್‌ನ ಸ್ವಂತ ಸುಯ್‌ ಸದ್ದು ಎಷ್ಟು ಕೆಳಗಿದೆ ಎಂಬುದನ್ನು ಅದು ಡೆಸಿಬಲ್‌ಗಳಲ್ಲಿ ಹೇಳುತ್ತದೆ. ಪ್ರತಿ 20 ಡೆಸಿಬಲ್‌ಗೆ ಗದ್ದಲದ ವೋಲ್ಟೇಜ್ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ರಿಯಲ್‌ಟೆಕ್ ತಾನೇ ಪ್ರಕಟಿಸಿದ ವಿವರಪತ್ರಗಳ ಪ್ರಕಾರ ಎಎಲ್‌ಸಿ 887ರ ಡಿಎಸಿ 97 ಡೆಸಿಬಲ್, ಎಡಿಸಿ 90. ಎಎಲ್‌ಸಿ 892ರ ಡಿಎಸಿ 95, ಎಡಿಸಿ 90. ಎಎಲ್‌ಸಿ 889ರದ್ದು 108 ಮತ್ತು 104. ಎಎಲ್‌ಸಿ 1150ರದ್ದು 115 ಮತ್ತು 104. ಎಎಲ್‌ಸಿ 1220 ಇರುವ ಬೋರ್ಡ್‌ಗಳನ್ನು ಮಾರುವ ಕಂಪನಿಗಳು 120 ಮತ್ತು 113 ಎಂದು ಹೇಳಿಕೊಳ್ಳುತ್ತವೆ. 4080ಕ್ಕೂ 120 ಎಂದೇ ಹೇಳುತ್ತವೆ. ಈಗ ಅಗ್ಗದ ಬೋರ್ಡ್‌ಗಳಲ್ಲೆಲ್ಲ ಕಾಣುವ 897, 892ರ ಸಾಲಿಗೇ ಸೇರಿದ ಚಿಪ್.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. 892ರ ಅಂಕಿ 887ಕ್ಕಿಂತ ಕಡಿಮೆ ಇದೆ. ಇವೆರಡಕ್ಕಿಂತ 889 ಬಹಳ ಮೇಲಿದೆ. ಸಂಖ್ಯೆ ದೊಡ್ಡದಾದಷ್ಟೂ ಚಿಪ್ ಒಳ್ಳೆಯದು ಎಂಬ ಲೆಕ್ಕ ಇಲ್ಲೇ ಮುರಿದುಬೀಳುತ್ತದೆ. ಮನೆಗಳ ವಿಳಾಸದಂತೆ ಇವು ಗುರುತು ಹಿಡಿಯಲು ಇಟ್ಟ ಸಂಖ್ಯೆಗಳು, ಅಂಕಪಟ್ಟಿಯಲ್ಲ.

ಈ ಅಂತರ ಕಿವಿಗೆ ಎಷ್ಟು ಮುಖ್ಯ? 16 ಬಿಟ್‌ನ ಸಿಡಿಯ ಮಿತಿಯೇ ಸುಮಾರು 98 ಡೆಸಿಬಲ್. ರಾತ್ರಿಯ ನಿಶ್ಶಬ್ದದಲ್ಲೂ ಮನೆಯ ಕೋಣೆಯಲ್ಲಿ 30 ಡೆಸಿಬಲ್‌ನಷ್ಟು ಸದ್ದು ಇದ್ದೇ ಇರುತ್ತದೆ. ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಹೆಚ್ಚು. ನೀವು 100 ಡೆಸಿಬಲ್‌ನಷ್ಟು ಜೋರಾಗಿ ಕೇಳಿದರೂ ಕೋಣೆಯ ಗದ್ದಲಕ್ಕಿಂತ ಮೇಲೆ ಉಳಿಯುವುದು 70 ಡೆಸಿಬಲ್ ಮಾತ್ರ. ಹೀಗಾಗಿ ಸ್ಪೀಕರಿನಲ್ಲಿ ಕೇಳುವಾಗ 97 ಮತ್ತು 120ರ ನಡುವಿನ ವ್ಯತ್ಯಾಸವನ್ನು ಕಿವಿ ಹಿಡಿಯುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕಿವಿ ಹಿಡಿಯುವುದು ಬೋರ್ಡಿನ ಕೆಟ್ಟ ಜೋಡಣೆಯಿಂದ ಆ 97 ಜಾರಿ 75ಕ್ಕೆ ಬಂದಾಗ.

ಹಂತ 4: ಬೋರ್ಡನ್ನು ಕಣ್ಣಿನಿಂದ ಪರೀಕ್ಷಿಸಿ

ಹಿಂಬದಿಯ ಜಾಕ್‌ಗಳ ಸಮೀಪ, ಬೋರ್ಡಿನ ಮೂಲೆಯಲ್ಲಿ ಆಡಿಯೋ ಭಾಗ ಇರುತ್ತದೆ. ಅದನ್ನು ಉಳಿದ ಬೋರ್ಡಿನಿಂದ ಬೇರ್ಪಡಿಸುವ ಒಂದು ತೆಳು ಗೆರೆ ಕಾಣುತ್ತದೆಯೇ ನೋಡಿ. ಆ ಗೆರೆಯಲ್ಲಿ ತಾಮ್ರವನ್ನು ತೆಗೆದಿರುತ್ತಾರೆ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಗದ್ದಲ ಇತ್ತ ಹರಿಯದಿರಲಿ ಎಂಬುದು ಉದ್ದೇಶ. ಚಿಪ್‌ನ ಸುತ್ತ ಕೆಪಾಸಿಟರ್‌ಗಳ ಪುಟ್ಟ ಗುಂಪಿದ್ದರೆ ಒಳ್ಳೆಯ ಲಕ್ಷಣ. ಅವುಗಳ ಬಣ್ಣ ಚಿನ್ನದ್ದೋ ಕಪ್ಪೋ ಎಂಬುದಕ್ಕೆ ಬೆಲೆ ಕೊಡಬೇಡಿ. ಎಂಟು ಕಾಲಿನ ಪುಟ್ಟ ಆಂಪ್ಲಿಫೈಯರ್ ಚಿಪ್ ಬೇರೆಯಾಗಿ ಇದ್ದರೆ ಹೆಡ್‌ಫೋನ್ ಬಳಸುವವರಿಗೆ ಅದು ನಿಜವಾದ ಲಾಭ. ಗೆರೆಯ ಕೆಳಗೆ ಉರಿಯುವ ಎಲ್‌ಇಡಿ ದೀಪಗಳಿಂದ ಧ್ವನಿಗೇನೂ ಆಗುವುದಿಲ್ಲ.

ಹಂತ 5: ಹೋಲಿಕೆಗೆ ಮುನ್ನ ಎಲ್ಲವನ್ನೂ ಸಮ ಮಾಡಿ

ವಿಂಡೋಸ್ ಸೆಟ್ಟಿಂಗ್‌ನಲ್ಲಿ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್‌ಗಳನ್ನು ಆಫ್ ಮಾಡಿ. ಬೋರ್ಡಿನ ಜೊತೆ ಬಂದ ಈಕ್ವಲೈಜರ್, ಸುತ್ತಲಿನಿಂದ ಧ್ವನಿ ಬರುವಂತೆ ಮಾಡುವ ತಂತ್ರಾಂಶಗಳನ್ನೂ ನಿಲ್ಲಿಸಿ. ಹೆಚ್ಚಿನ ಜನ ಎರಡು ಚಿಪ್‌ಗಳ ನಡುವೆ ಕೇಳಿಸುತ್ತದೆ ಎನ್ನುವ ದೊಡ್ಡ ವ್ಯತ್ಯಾಸ ಬರುವುದು ಇಲ್ಲಿಂದ. ಸ್ಯಾಂಪಲ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಂಕಿಯಾಗಿ ಹಿಡಿಯುತ್ತದೆ ಎಂಬುದನ್ನು, ಎರಡೂ ಕಡೆ 24 ಬಿಟ್, 48 ಕಿಲೋಹರ್ಟ್ಜ್‌ಗೆ ಇಡಿ.

ಧ್ವನಿಯ ಮಟ್ಟವೂ ಸಮವಾಗಿರಲೇಬೇಕು. ಎರಡರಲ್ಲಿ ಸ್ವಲ್ಪವೇ ಜೋರಾಗಿರುವುದು ಕಿವಿಗೆ 'ಸ್ಪಷ್ಟ'ವಾಗಿ, 'ತುಂಬಿಕೊಂಡು' ಕೇಳಿಸುತ್ತದೆ. ಅಂಗಡಿಯಲ್ಲಿ ಒಂದನ್ನು ಜೋರಾಗಿಟ್ಟು ಕೇಳಿಸಿದರೆ ಎಂಥವರೂ ಅದನ್ನೇ ಮೆಚ್ಚುತ್ತಾರೆ. ಸಮ ಮಾಡಲು ಕಿವಿಯನ್ನು ನಂಬದೆ ಮಲ್ಟಿಮೀಟರ್ ಬಳಸಿ. ಅಳೆಯುವ ಬಗೆ 7ನೇ ಹಂತದಲ್ಲಿದೆ, ಎರಡರಲ್ಲೂ ಒಂದೇ ವೋಲ್ಟೇಜ್ ಬರುವಂತೆ ವಾಲ್ಯೂಮ್ ಹೊಂದಿಸಿ.

ಹಂತ 6: ಮೌನವನ್ನು ಕೇಳಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ತಿಳಿಸಿಕೊಡುವ ಪರೀಕ್ಷೆ ಇದು, ಖರ್ಚೂ ಇಲ್ಲ. ಇಯರ್‌ಫೋನನ್ನು ಹಿಂಬದಿಯ ಹಸಿರು ಜಾಕ್‌ಗೆ ಹಾಕಿ. ಯಾವ ಹಾಡೂ ನಡೆಯದಂತೆ ನೋಡಿಕೊಂಡು, ಇಮೇಲ್ ಬಂದಾಗ ಸದ್ದು ಮಾಡುವ ತಂತ್ರಾಂಶಗಳನ್ನೆಲ್ಲ ಮುಚ್ಚಿ, ವಾಲ್ಯೂಮನ್ನು ನಿಧಾನವಾಗಿ ಪೂರ್ತಿಗೆ ಏರಿಸಿ. ಎಚ್ಚರಿಕೆ: ವಾಲ್ಯೂಮ್ ಪೂರ್ತಿ ಇರುವಾಗ ಅಕಸ್ಮಾತ್ತಾಗಿ ಏನಾದರೂ ನುಡಿದರೆ ಕಿವಿಗೆ ಹಾನಿಯಾಗುತ್ತದೆ. ಆದ್ದರಿಂದ ಇಯರ್‌ಫೋನನ್ನು ಕಿವಿಯೊಳಗೆ ತೂರಿಸದೆ ಹತ್ತಿರ ಹಿಡಿದು ಕೇಳಿ.

ಈಗ ಮೌಸನ್ನು ಗರಗರನೆ ತಿರುಗಿಸಿ. ಒಂದು ಕಿಟಕಿಯನ್ನು ಹಿಡಿದು ಪರದೆಯ ತುಂಬ ಎಳೆದಾಡಿ. ದೊಡ್ಡ ಕಡತವೊಂದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ. ಆಟವೊಂದನ್ನು ತೆರೆದು ಅದರ ಧ್ವನಿಯನ್ನು ಆಟದೊಳಗೇ ಸೊನ್ನೆಗೆ ಇಳಿಸಿ, ಗ್ರಾಫಿಕ್ಸ್ ಕಾರ್ಡ್ ಬೆವರುವಂತೆ ಮಾಡಿ.

ಕೇಳಿಸುವುದು ಮೂರು ಬಗೆಯದಾಗಿರಬಹುದು. ಏನು ಮಾಡಿದರೂ ಬದಲಾಗದ ಸುಯ್ಯೆನ್ನುವ ಸದ್ದು ಚಿಪ್‌ನದ್ದು ಅಥವಾ ಆಂಪ್ಲಿಫೈಯರಿನದ್ದು. ಮೌಸಿನ ಜೊತೆ, ಪರದೆಯ ಚಲನೆಯ ಜೊತೆ ಏರಿಳಿಯುವ ಕೀರಲು ಸದ್ದು ಬೋರ್ಡಿನೊಳಗಿನ ಗದ್ದಲ ಆಡಿಯೋ ದಾರಿಗೆ ನುಗ್ಗಿರುವುದರ ಗುರುತು. ಒಂದೇ ಸಮನೆ ಗುಂಯ್‌ಗುಡುವ ತಗ್ಗಿದ ಸದ್ದು ಮನೆಯ ವಿದ್ಯುತ್ತಿನದ್ದು.

ಕೀರಲು ಸದ್ದು ಕೇಳಿಸಿದರೆ ಬೋರ್ಡನ್ನು ಬೈಯುವ ಮೊದಲು ನೀವು ಪಿನ್ ಹಾಕಿರುವುದು ಎಲ್ಲಿಗೆಂದು ನೋಡಿ. ಕ್ಯಾಬಿನೆಟ್ಟಿನ ಮುಂಭಾಗದ ಜಾಕ್‌ಗೆ ಹೋಗುವ ತಂತಿ ಬೋರ್ಡಿನ ಕೆಳಗಿನ ಅಂಚಿನಿಂದ ಹೊರಟು ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಆ ತಂತಿಗೆ ಗದ್ದಲವನ್ನು ತಡೆಯುವ ಲೋಹದ ಹೊದಿಕೆಯೇ ಇರುವುದಿಲ್ಲ. ಹಿಂಬದಿಯ ಜಾಕ್‌ನಲ್ಲಿ ಸದ್ದು ಇಲ್ಲದೆ ಮುಂದಿನದರಲ್ಲಿ ಮಾತ್ರ ಇದ್ದರೆ ತಪ್ಪು ಕ್ಯಾಬಿನೆಟ್ಟಿನದ್ದು. ತಂತಿಯನ್ನು ಗ್ರಾಫಿಕ್ಸ್ ಕಾರ್ಡಿನಿಂದ ದೂರ ಒಯ್ದು ಬೋರ್ಡಿನ ಹಿಂಭಾಗದಿಂದ ಸುತ್ತಿಸಿ ತನ್ನಿ. ಅಷ್ಟರಿಂದಲೂ ಹೋಗದಿದ್ದರೆ ಹಿಂಬದಿಯ ಜಾಕ್‌ಗೆ ಉದ್ದದ ಕೇಬಲ್ ಹಾಕಿಕೊಂಡು ಬಳಸಿ.

ಗುಂಯ್ ಎನ್ನುವ ಸದ್ದಿನ ವಿಷಯವನ್ನು ಬಿಡಿಸಿ ಹೇಳಬೇಕು, ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಅರ್ಥಿಂಗ್ ಸರಿಯಿರುವುದಿಲ್ಲ. ಕ್ಯಾಬಿನೆಟ್ಟಿನ ಲೋಹವನ್ನು ಬರಿಗಾಲಿನಲ್ಲಿ ನಿಂತು ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆಯೇ? ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್‌ನೊಳಗೆ ಗದ್ದಲ ಸೋಸುವ ಎರಡು ಕೆಪಾಸಿಟರ್‌ಗಳು ಕ್ಯಾಬಿನೆಟ್ಟಿಗೆ ಜೋಡಣೆಯಾಗಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ 230 ವೋಲ್ಟಿನ ಸುಮಾರು ಅರ್ಧದಷ್ಟು ಒತ್ತಡ, ಅತ್ಯಲ್ಪ ಪ್ರಮಾಣದ ಕರೆಂಟಿನೊಂದಿಗೆ, ಕ್ಯಾಬಿನೆಟ್ಟಿನ ಮೇಲೆ ಕಾಣಿಸಿಕೊಳ್ಳುತ್ತದೆ. ಅದೇ ಆಡಿಯೋ ಕೇಬಲ್ಲಿನ ಮೂಲಕ ಸ್ಪೀಕರಿಗೂ ಇಳಿಯುತ್ತದೆ. ಇದಕ್ಕೆ ಯಾವ ಚಿಪ್ಪೂ ಮದ್ದಲ್ಲ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ಥಿಂಗ್ ಸರಿಪಡಿಸಬೇಕು. ಇನ್ನೊಂದು ಸಾಧ್ಯತೆ, ಅರ್ಥಿಂಗ್ ಇದ್ದೂ ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ಬೇರೆ ಬೇರೆ ಸಾಕೆಟ್‌ಗಳಲ್ಲಿದ್ದು ಅವುಗಳ ನಡುವೆ ಒಂದು ಸುತ್ತು ಏರ್ಪಟ್ಟಿರುವುದು, ಅದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಸದ್ದು ಉಳಿದರೆ ಆಡಿಯೋ ಕೇಬಲ್ಲಿನ ನಡುವೆ ಗ್ರೌಂಡ್ ಲೂಪ್ ಐಸೋಲೇಟರ್ ಎಂಬ ಪುಟ್ಟ ಡಬ್ಬಿ ಹಾಕಬಹುದು.

ಕೈಮುಗಿದು ಕೇಳುತ್ತೇನೆ: ಸದ್ದು ಹೋಗಲೆಂದು ಪ್ಲಗ್ಗಿನ ದಪ್ಪ ಪಿನ್ನನ್ನು ಕಿತ್ತುಹಾಕಬೇಡಿ, ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಬೇಡಿ. ಗ್ರೌಂಡ್ ಲೂಪಿನ ಸದ್ದು ಹೋಗುತ್ತದೆ ನಿಜ. ಆದರೆ ಎಸ್‌ಎಂಪಿಎಸ್ ಕೆಟ್ಟ ದಿನ ನಿಮ್ಮನ್ನೋ ಮಕ್ಕಳನ್ನೋ ಕಾಯುವುದು ಮುಖ್ಯವಾಗಿ ಆ ಒಂದು ಪಿನ್.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಜುಂಯ್ ಎನ್ನುವ ಸದ್ದು ಬರುವುದಾದರೆ ಅದು ಚೌಕ ಅಲೆ ಕೊಡುವ ಇನ್ವರ್ಟರಿನ ಪ್ರಸಾದ. ಪರೀಕ್ಷೆಯನ್ನು ಕರೆಂಟ್ ಇದ್ದಾಗಲೇ ಮಾಡಿ.

ಹಂತ 7: ಮಲ್ಟಿಮೀಟರಿನಿಂದ ಬಲವನ್ನು ಅಳೆಯಿರಿ

ಒಂದು ಬೋರ್ಡಿನಲ್ಲಿ ಹೆಡ್‌ಫೋನ್ ಜೋರಾಗಿ ನುಡಿದು ಇನ್ನೊಂದರಲ್ಲಿ ಸೊರಗುವುದೇಕೆ ಎಂಬುದಕ್ಕೆ ಉತ್ತರ ಎರಡು ಅಂಕಿಗಳಲ್ಲಿದೆ. ಒಂದು, ಜಾಕ್ ಕೊಡಬಲ್ಲ ವೋಲ್ಟೇಜ್. ಇನ್ನೊಂದು, ಜಾಕ್‌ನ ಒಳಗಿನ ತಡೆ, ಅದನ್ನು ಔಟ್‌ಪುಟ್ ಇಂಪಿಡೆನ್ಸ್ ಎನ್ನುತ್ತಾರೆ. ಅಗ್ಗದ ಬೋರ್ಡ್‌ಗಳಲ್ಲಿ ಚಿಪ್‌ಗೂ ಜಾಕ್‌ಗೂ ನಡುವೆ 75 ಓಮ್‌ನಷ್ಟು ದೊಡ್ಡ ರೆಸಿಸ್ಟರ್ ಇರುವುದು ಸಾಮಾನ್ಯ. ಪೆಟ್ಟಿಗೆಯ ಮೇಲೆ ಈ ಅಂಕಿಯನ್ನು ಯಾರೂ ಮುದ್ರಿಸುವುದಿಲ್ಲ. ಹೆಡ್‌ಫೋನ್ ಬಳಸುವವರಿಗೆ ಎಸ್‌ಎನ್‌ಆರ್‌ಗಿಂತ ಇದೇ ಮುಖ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಪಿನ್‌ಗೆ ಎರಡು ವೈರ್ ಬೆಸೆಯಿರಿ. ಪಿನ್ನಿನ ತುದಿ ಎಡಕಿವಿಯದ್ದು, ನಡುವಿನ ಉಂಗುರ ಬಲಕಿವಿಯದ್ದು, ಬುಡದ ಉದ್ದ ಭಾಗ ಗ್ರೌಂಡ್. ನಮಗೆ ತುದಿ ಮತ್ತು ಬುಡ ಸಾಕು. ಎರಡು ವೈರ್ ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ.

ಆಡಾಸಿಟಿಯ ಜನರೇಟ್ ಮೆನುವಿನಲ್ಲಿ ಟೋನ್ ಆರಿಸಿ 200 ಹರ್ಟ್ಜ್‌ನ ಸೈನ್ ಅಲೆಯನ್ನು 0.8 ಮಟ್ಟದಲ್ಲಿ ಒಂದು ನಿಮಿಷಕ್ಕೆ ಮಾಡಿಕೊಳ್ಳಿ. ಸಾವಿರ ಹರ್ಟ್ಜ್ ಬೇಡ, ಸಾಧಾರಣ ಮಲ್ಟಿಮೀಟರ್‌ಗಳು 400 ಹರ್ಟ್ಜ್‌ಗಿಂತ ಮೇಲೆ ತಪ್ಪು ಅಂಕಿ ತೋರಿಸಬಹುದು. ವಾಲ್ಯೂಮ್ ಪೂರ್ತಿ ಏರಿಸಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಅಲೆಯನ್ನು ನುಡಿಸುತ್ತಾ ಅಳೆಯಿರಿ. 0.80 ವೋಲ್ಟ್ ಬಂತೆಂದುಕೊಳ್ಳೋಣ. ಅದನ್ನು 0.8ರಿಂದ ಭಾಗಿಸಿದರೆ ಜಾಕ್‌ನ ಗರಿಷ್ಠ ಸಾಮರ್ಥ್ಯ 1 ವೋಲ್ಟ್. ಒಳ್ಳೆಯ ಬೋರ್ಡ್‌ಗಳಲ್ಲಿ ಇದು 2 ವೋಲ್ಟ್‌ಗೆ ಮುಟ್ಟುತ್ತದೆ.

ಈಗ ಅದೇ ಎರಡು ವೈರ್‌ಗಳ ನಡುವೆ 33 ಓಮ್ ರೆಸಿಸ್ಟರ್ ಸೇರಿಸಿ ಮತ್ತೆ ಅಳೆಯಿರಿ. 0.25 ವೋಲ್ಟ್‌ಗೆ ಕುಸಿಯಿತು ಎಂದುಕೊಳ್ಳಿ. ಮೊದಲಿನ ಅಂಕಿಯನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿ. 0.80ನ್ನು 0.25ರಿಂದ ಭಾಗಿಸಿದರೆ 3.2, ಒಂದು ಕಳೆದರೆ 2.2, 33ರಿಂದ ಗುಣಿಸಿದರೆ ಸುಮಾರು 73 ಓಮ್. ಇದು ನಿಮ್ಮ ಜಾಕ್‌ನ ಒಳತಡೆ.

ಇದರ ಪರಿಣಾಮ ನೋಡಿ. 1 ವೋಲ್ಟಿನ ಜಾಕ್‌ನಲ್ಲಿ 75 ಓಮ್ ತಡೆಯಿದ್ದರೆ 32 ಓಮ್‌ನ ಹೆಡ್‌ಫೋನಿಗೆ ಸಿಗುವ ಶಕ್ತಿ ಮೂರು ಮಿಲಿವ್ಯಾಟ್‌ಗಿಂತ ಕಡಿಮೆ. ಅದೇ 1 ವೋಲ್ಟ್, ತಡೆ 2 ಓಮ್ ಮಾತ್ರ ಇದ್ದರೆ ಸುಮಾರು 28 ಮಿಲಿವ್ಯಾಟ್. ಚಿಪ್ ಎರಡರಲ್ಲೂ ಒಂದೇ ಆಗಿರಬಹುದು. ಇಷ್ಟೇ ಅಲ್ಲ, ಹೆಡ್‌ಫೋನಿನ ತಡೆ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲವಾದ್ದರಿಂದ ಜಾಕ್‌ನ ಒಳತಡೆ ಹೆಚ್ಚಾದಾಗ ಕೆಲವು ಸ್ವರಗಳು ಉಬ್ಬಿ ಕೆಲವು ತಗ್ಗುತ್ತವೆ, ಮೃದಂಗದ ಎಡಭಾಗದ ನಾದ ಸಡಿಲವಾಗಿ ಕೇಳಿಸಬಹುದು. ಒಳತಡೆ ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬುದು ರೂಢಿಯ ಲೆಕ್ಕ. ಆಂಪ್ಲಿಫೈಯರ್ ಇರುವ ಸ್ಪೀಕರ್‌ಗೆ ಹಾಕುವುದಾದರೆ 75 ಓಮ್ ಇದ್ದರೂ ತೊಂದರೆಯಿಲ್ಲ, ಅವುಗಳ ಒಳಬರುವ ತಡೆ ಸಾವಿರಾರು ಓಮ್ ಇರುತ್ತದೆ.

ಎಚ್ಚರಿಕೆಗಳು ಎರಡು. ಅಲೆ ನುಡಿಯುವಾಗ ಹೆಡ್‌ಫೋನ್ ಹಾಕಿಕೊಂಡಿರಬೇಡಿ. ಪಿನ್ ಚುಚ್ಚಿದಾಗ ರಿಯಲ್‌ಟೆಕ್ ತಂತ್ರಾಂಶ 'ಏನು ಜೋಡಿಸಿದಿರಿ?' ಎಂದು ಕೇಳಿದರೆ ಹೆಡ್‌ಫೋನ್ ಎಂದೇ ಆರಿಸಿ. ಸ್ಪೀಕರ್ ಎಂದರೆ ಕೆಲವು ಬೋರ್ಡ್‌ಗಳಲ್ಲಿ ಆಂಪ್ಲಿಫೈಯರ್ ಎಚ್ಚರಗೊಳ್ಳುವುದೇ ಇಲ್ಲ, ಅಳತೆ ತಪ್ಪುತ್ತದೆ.

ಹಂತ 8: ಸುತ್ತು ಹಾಕಿಸಿ ಅಳೆಯಿರಿ

ಬೋರ್ಡು ತನ್ನ ಧ್ವನಿಯನ್ನು ತಾನೇ ಕೇಳಿಸಿಕೊಂಡು ವರದಿ ಕೊಡುವ ಪರೀಕ್ಷೆ ಇದು, ಇದಕ್ಕೆ ಲೂಪ್‌ಬ್ಯಾಕ್ ಎನ್ನುತ್ತಾರೆ. ಸ್ಟೀರಿಯೋ ಕೇಬಲ್ಲಿನ ಒಂದು ತುದಿಯನ್ನು ಹಸಿರು ಜಾಕ್‌ಗೆ, ಇನ್ನೊಂದನ್ನು ನೀಲಿ ಜಾಕ್‌ಗೆ ಹಾಕಿ. ನೀಲಿ ಅಂದರೆ ಲೈನ್ ಇನ್. ಗುಲಾಬಿಗೆ ಹಾಕಬೇಡಿ. ಅದು ಮೈಕಿನದ್ದು, ಮೈಕಿಗೆ ಶಕ್ತಿ ಕೊಡಲು ಅದರಲ್ಲಿ ಸ್ವಲ್ಪ ವೋಲ್ಟೇಜ್ ಸದಾ ಇರುತ್ತದೆ, ಸಂಕೇತವೂ ಅತಿಯಾಗಿ ಹಿಗ್ಗಿ ವಿರೂಪಗೊಳ್ಳುತ್ತದೆ.

ವಿಂಡೋಸ್‌ನ ಲೈನ್ ಇನ್ ಪ್ರಾಪರ್ಟೀಸ್‌ನಲ್ಲಿ 'ಲಿಸನ್ ಟು ದಿಸ್ ಡಿವೈಸ್' ಎಂಬುದರ ಗುರುತು ತೆಗೆದಿರಬೇಕು. ಇಲ್ಲದಿದ್ದರೆ ಹೊರಹೋದ ಧ್ವನಿ ಒಳಬಂದು ಮತ್ತೆ ಹೊರಹೋಗಿ ಸಭಾಭವನದ ಮೈಕಿನಂತೆ ಕಿರುಚುತ್ತದೆ. ರೈಟ್‌ಮಾರ್ಕ್ ತೆರೆದು ಎರಡೂ ಸಾಧನಗಳನ್ನು ಆರಿಸಿ, ಅದು ಹೇಳಿದಂತೆ ಲೈನ್ ಇನ್ ಮಟ್ಟವನ್ನು ಹೊಂದಿಸಿ ಪರೀಕ್ಷೆ ನಡೆಸಿ. ಗದ್ದಲ, ವಿರೂಪ, ಎಡಬಲಗಳ ಬೆರಕೆ, ಸ್ವರಗಳ ಸಮತೆ ಎಲ್ಲದರ ಪಟ್ಟಿ ಬರುತ್ತದೆ. ಒಮ್ಮೆ ಕಂಪ್ಯೂಟರ್ ಸುಮ್ಮನಿರುವಾಗ, ಇನ್ನೊಮ್ಮೆ ಹಿನ್ನೆಲೆಯಲ್ಲಿ ಆಟ ಓಡುತ್ತಿರುವಾಗ ಮಾಡಿ. ಎರಡು ಪಟ್ಟಿಗಳ ನಡುವೆ ಗದ್ದಲದ ಅಂಕಿ ಎಷ್ಟು ಹಾಳಾಯಿತು ಎಂಬುದೇ ಬೋರ್ಡಿನ ವಿನ್ಯಾಸದ ಗುಣ.

ಇಲ್ಲೊಂದು ಬಲೆ ಇದೆ. ಎಡಿಸಿ ಸಾಮಾನ್ಯವಾಗಿ ಡಿಎಸಿಗಿಂತ ದುರ್ಬಲ ಎಂದು ಆಗಲೇ ನೋಡಿದೆವು. ಸುತ್ತು ಹಾಕಿಸಿದಾಗ ಎರಡರ ಗದ್ದಲವೂ ಕೂಡಿಕೊಳ್ಳುತ್ತದೆ. 97 ಡೆಸಿಬಲ್‌ನ ಡಿಎಸಿ, 90ರ ಎಡಿಸಿ ಇರುವ 887ರಲ್ಲಿ ಎಲ್ಲವೂ ಆದರ್ಶವಾಗಿದ್ದರೂ ಬರುವ ಅಂಕಿ 89ರ ಸಮೀಪ. ಅದನ್ನು ನೋಡಿ ಡಿಎಸಿ ಕೆಟ್ಟದ್ದೆಂದು ತೀರ್ಮಾನಿಸಬೇಡಿ. ಎರಡು ಬೋರ್ಡ್‌ಗಳ ಔಟ್‌ಪುಟ್ಟನ್ನೇ ಹೋಲಿಸಬೇಕಿದ್ದರೆ ಎರಡನ್ನೂ ಮೂರನೆಯ ಒಂದೇ ಒಳ್ಳೆಯ ಸೌಂಡ್ ಕಾರ್ಡಿಗೆ ಕೊಟ್ಟು ಅಳೆಯಿರಿ.

ಹಂತ 9: ನಿಮ್ಮ ಕೆಲಸಕ್ಕೆ ಯಾವುದು ಎಂದು ತೀರ್ಮಾನಿಸಿ

ಆಂಪ್ಲಿಫೈಯರ್ ಇರುವ ಸ್ಪೀಕರಿನಲ್ಲಿ ಹಾಡು, ಸಿನಿಮಾ, ಸುದ್ದಿ ಕೇಳುವವರಿಗೆ 887, 892, 897 ಯಾವುದಾದರೂ ಸಾಕು, 6ನೇ ಹಂತದ ಮೌನ ಪರೀಕ್ಷೆಯಲ್ಲಿ ಬೋರ್ಡ್ ಗೆದ್ದಿದ್ದರೆ. ಉಳಿದ ಹಣವನ್ನು ಸ್ಪೀಕರಿಗೆ ಹಾಕಿ.

80 ಅಥವಾ 250 ಓಮ್‌ನ ಹೆಡ್‌ಫೋನ್ ಇರುವವರು 2 ವೋಲ್ಟ್ ಕೊಡುವ, ಬೇರೆ ಆಂಪ್ಲಿಫೈಯರ್ ಇರುವ ಬೋರ್ಡ್ ನೋಡಬಹುದು. ಆದರೆ ಆ ಒಂದೇ ಕಾರಣಕ್ಕೆ ಬೋರ್ಡಿಗೆ ಮೂರು ನಾಲ್ಕು ಸಾವಿರ ಹೆಚ್ಚು ಕೊಡುವುದಕ್ಕಿಂತ ಹೊರಗಿನ ಯುಎಸ್‌ಬಿ ಡಿಎಸಿಯನ್ನು ಕೊಳ್ಳುವುದು ಜಾಣತನ. ಇಯರ್‌ಫೋನಿಗೆ ಸಾವಿರ ರೂಪಾಯಿಯ ಆಸುಪಾಸಿನ ಡಾಂಗಲ್ ಕೂಡ ಬೋರ್ಡಿನೊಳಗಿನ ಗದ್ದಲದಿಂದ ದೂರವಿರುತ್ತದೆ, ಬೋರ್ಡ್ ಬದಲಾದರೂ ನಿಮ್ಮ ಜೊತೆಗೇ ಉಳಿಯುತ್ತದೆ.

ಮೈಕ್ ಬಳಸುವವರಿಗೆ ಇನ್ನೂ ನೇರವಾಗಿ ಹೇಳುತ್ತೇನೆ. ಗುಲಾಬಿ ಜಾಕ್ ಆನ್‌ಬೋರ್ಡ್ ಧ್ವನಿಯ ಅತ್ಯಂತ ದುರ್ಬಲ ಭಾಗ. ಮೈಕ್ ಬೂಸ್ಟ್ 20, 30 ಡೆಸಿಬಲ್ ಏರಿಸಿದರೆ ಮಾತಿನ ಜೊತೆ ಗದ್ದಲವೂ ಅಷ್ಟೇ ಏರುತ್ತದೆ. ಪಾಠ ಹೇಳುವುದು, ಪಾಡ್‌ಕಾಸ್ಟ್ ಮಾಡುವುದು ನಿಮ್ಮ ಕೆಲಸವಾಗಿದ್ದರೆ ಯುಎಸ್‌ಬಿ ಮೈಕ್ ಕೊಳ್ಳಿ. ಮೊಬೈಲಿನ ಹೆಡ್‌ಸೆಟ್ಟನ್ನೇ ಬಳಸುವವರು ಅದರ ಪಿನ್ನಿನಲ್ಲಿ ಮೂರು ಕಪ್ಪು ಗೆರೆಗಳಿವೆಯೇ ನೋಡಿ. ಇದ್ದರೆ ಮೈಕ್ ಮತ್ತು ಹೆಡ್‌ಫೋನನ್ನು ಎರಡು ಪಿನ್‌ಗಳಾಗಿ ಒಡೆಯುವ ಅಡಾಪ್ಟರ್ ಬೇಕು, ಆ ಅಡಾಪ್ಟರ್ ಹಾಕದಿದ್ದರೆ ಮೈಕ್ ಕೆಲಸ ಮಾಡುವುದಿಲ್ಲ.

ಕೊನೆಗೆ, ನನಗೆ ಬಹಳ ಇಷ್ಟವಾದ ಕೆಲಸ. ಅಟ್ಟದ ಮೇಲೆ ಭಾವಗೀತೆ, ತಾಳಮದ್ದಳೆ, ಹರಿಕಥೆಯ ಕ್ಯಾಸೆಟ್‌ಗಳು, ಅಜ್ಜಿಯ ದನಿ ಇರುವ ಮನೆಯ ಧ್ವನಿಮುದ್ರಣಗಳು ಇರುವವರು ಅವನ್ನು ಕಂಪ್ಯೂಟರಿಗೆ ಇಳಿಸಲು ಯಾವ ಚಿಪ್ ಬೇಕೆಂದು ಕೇಳುತ್ತಾರೆ. ಸಾಧಾರಣ ಕ್ಯಾಸೆಟ್ಟಿನ ಎಸ್‌ಎನ್‌ಆರ್ 50ರಿಂದ 60 ಡೆಸಿಬಲ್. 90 ಡೆಸಿಬಲ್‌ನ ಅತಿ ಅಗ್ಗದ ಎಡಿಸಿಯೂ ಅದಕ್ಕಿಂತ ಬಹಳ ಮೇಲಿದೆ. ನಿಮ್ಮ ಹಳೆಯ ಕಂಪ್ಯೂಟರೇ ಸಾಕು, ಅದರಲ್ಲಿ ನೀಲಿ ಜಾಕ್ ಇರಬೇಕಷ್ಟೆ. ಪ್ಲೇಯರಿನ ಲೈನ್ ಔಟ್‌ನಿಂದ, ಅದಿಲ್ಲದಿದ್ದರೆ ವಾಲ್ಯೂಮ್ ನಡುವಿಗಿಟ್ಟ ಹೆಡ್‌ಫೋನ್ ಜಾಕ್‌ನಿಂದ, ನೀಲಿ ಜಾಕ್‌ಗೆ ಕೇಬಲ್ ಹಾಕಿ. ಆಡಾಸಿಟಿಯ ಮೀಟರ್ ಅತಿ ಜೋರಾದ ಜಾಗದಲ್ಲೂ ಮೈನಸ್ 6 ದಾಟದಂತೆ ಮಟ್ಟ ಹೊಂದಿಸಿ. ಕ್ಯಾಸೆಟ್ ಹಾಕುವ ಮುನ್ನ ಪ್ಲೇಯರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ, ಟೇಪನ್ನು ಒಮ್ಮೆ ಕೊನೆಯವರೆಗೂ ಓಡಿಸಿ ಹಿಂದಕ್ಕೆ ಸುತ್ತಿಸಿ, ಆಮೇಲೆ ರೆಕಾರ್ಡ್ ಒತ್ತಿ.